ಸಾವಿನ ಲೆಕ್ಕ, ಆಯಸ್ಸಿನ ಗೆರೆ: ಮರಣ ಪ್ರಮಾಣ ಮತ್ತು ಜೀವಿತಾವಧಿಯ ಚಾರ್ಟ್ ಮಾಡುವುದು ಹೇಗೆ?

ಅಮೆರಿಕದ ಜೀವಿತಾವಧಿಯ ಪಟ್ಟಿಯಿಂದ ಮೂರು ವರ್ಷ ತೆಗೆದು ನೋಡಿ. 1917ರಲ್ಲಿ 50.9 ವರ್ಷ. 1918ರಲ್ಲಿ 39.1. ಮರುವರ್ಷ 54.7. ಗೆರೆ ಎಳೆದರೆ ನಡುವೆ ಬಾವಿಯಂಥ ಗುಂಡಿ ಬೀಳುತ್ತದೆ. ಅದು ಇನ್‌ಫ್ಲುಯೆಂಜಾ ಪಿಡುಗು ಬಂದ ವರ್ಷ.

ಆ ಗುಂಡಿ ನೋಡಿದವರಿಗೆ ಮೊದಲು ಅನ್ನಿಸುವುದು ಒಂದೇ: "ಆಗ ಜನ 39ಕ್ಕೇ ಸಾಯುತ್ತಿದ್ದರು." ಹಾಗಲ್ಲ. 1918ರಲ್ಲಿ ಹುಟ್ಟಿದ ಮಕ್ಕಳು ಸರಾಸರಿ 39 ವರ್ಷ ಬದುಕಿದರು ಅಂತಲೂ ಅಲ್ಲ. ಆ ಒಂದು ವರ್ಷ ಯಾವ್ಯಾವ ವಯಸ್ಸಿನಲ್ಲಿ ಎಷ್ಟೆಷ್ಟು ಸಾವಾಯಿತೋ, ಅದೇ ಪ್ರಮಾಣ ಒಂದು ಮಗುವಿನ ಬದುಕಿಡೀ ಹಾಗೇ ಮುಂದುವರಿದರೆ ಅದು ಸರಾಸರಿ ಎಷ್ಟು ವರ್ಷ ಬದುಕೀತು ಅನ್ನುವ ಲೆಕ್ಕ ಅದು. ಪಿಡುಗು ಬಂತು, ಹೋಯಿತು. ಇಡೀ ಬದುಕನ್ನು 1918ರಲ್ಲೇ ಕಳೆದವರು ಯಾರೂ ಇಲ್ಲ ಅಲ್ವಾ?

ಈ ಕೆಲಸದಲ್ಲಿ ಗೆರೆ ಎಳೆಯುವುದು ಕಷ್ಟವಲ್ಲ. ಯಾವ ಸಾಫ್ಟ್‌ವೇರ್ ಆದರೂ ಎಳೆದು ಕೊಡುತ್ತದೆ. ಕಷ್ಟ ಇರುವುದು ವಯಸ್ಸಿನ ವಿಷಯದಲ್ಲಿ. ಯಾರ ವಯಸ್ಸು, ಯಾವ ವಯಸ್ಸಿನ ಸಾವು, ಎಷ್ಟು ವಯಸ್ಸಾದ ಜನಸಂಖ್ಯೆ ಅಂತ ಪ್ರತಿ ಹೆಜ್ಜೆಯಲ್ಲೂ ಕೇಳಿಕೊಳ್ಳಬೇಕು. ಈ ಮಾರ್ಗದರ್ಶಿಯ ಉದ್ದಕ್ಕೂ ನಾನು ಅದನ್ನೇ ಮತ್ತೆ ಮತ್ತೆ ಹೇಳುತ್ತೇನೆ.

ಹೆಜ್ಜೆ 1: ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆದುಕೊಳ್ಳಿ

"ಮರಣ ಪ್ರಮಾಣದ ಬಗ್ಗೆ ಒಂದು ಚಾರ್ಟ್ ಬೇಕು" ಅನ್ನುವುದು ಪ್ರಶ್ನೆಯಲ್ಲ. "ಕಳೆದ 30 ವರ್ಷದಲ್ಲಿ ಜೀವಿತಾವಧಿ ಹೆಚ್ಚಿದ್ದು ಮಕ್ಕಳು ಉಳಿದಿದ್ದರಿಂದಲೋ, ಮುದುಕರು ಜಾಸ್ತಿ ಬದುಕಿದ್ದರಿಂದಲೋ?" ಅನ್ನುವುದು ಪ್ರಶ್ನೆ. ಇದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಯಾವ ಅಂಕಿ ಬೇಕು, ಯಾವ ಚಾರ್ಟ್ ಬೇಕು ಅನ್ನುವುದು ಅರ್ಧ ಅಲ್ಲೇ ತೀರ್ಮಾನವಾಗುತ್ತದೆ.

ಹೆಜ್ಜೆ 2: ಅಂಕಿ ಎಲ್ಲಿಂದ ಬಂತು ಅಂತ ತಿಳಿದುಕೊಳ್ಳಿ

ಉಚಿತವಾಗಿ ಸಿಗುವ ಮೂರು ದೊಡ್ಡ ಮೂಲಗಳಿವೆ. ಹ್ಯೂಮನ್ ಮಾರ್ಟಾಲಿಟಿ ಡೇಟಾಬೇಸ್‌ನಲ್ಲಿ ಸಾವುಗಳ ನೋಂದಣಿ ಗಟ್ಟಿಯಾಗಿರುವ ದೇಶಗಳು ಮಾತ್ರ ಇವೆ. ಆದರೆ ಆಳ ಬಹಳ: ಸ್ವೀಡನ್ನಿನ ಲೆಕ್ಕ 1751ರಿಂದಲೇ ಸಿಗುತ್ತದೆ. ವಿಶ್ವಸಂಸ್ಥೆಯ ವರ್ಲ್ಡ್ ಪಾಪ್ಯುಲೇಷನ್ ಪ್ರಾಸ್ಪೆಕ್ಟ್ಸ್‌ನಲ್ಲಿ ಎಲ್ಲ ದೇಶಗಳೂ ಇವೆ, 1950ರಿಂದ ಈಚೆಗೆ. ಸಾವಿನ ಕಾರಣ ಬೇಕಿದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ಮರಣ ದತ್ತಾಂಶ ನೋಡಿ.

ಇಲ್ಲೊಂದು ಮುಖ್ಯ ವ್ಯತ್ಯಾಸವಿದೆ. ಕೆಲವು ದೇಶಗಳಲ್ಲಿ ಪ್ರತಿ ಸಾವೂ ದಾಖಲಾಗುತ್ತದೆ. ಅಲ್ಲಿನ ಅಂಕಿ ಎಣಿಸಿದ್ದು. ಇನ್ನು ಹಲವು ದೇಶಗಳಲ್ಲಿ ಜನಗಣತಿ, ಮನೆಮನೆ ಸಮೀಕ್ಷೆ, ಗಣಿತದ ಮಾದರಿ ಇವನ್ನೆಲ್ಲ ಸೇರಿಸಿ ಕಟ್ಟಿದ ಅಂದಾಜು ಅದು. ಪಟ್ಟಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ದಶಮಾಂಶದ ಸಮೇತ. ನಿಮ್ಮ ಚಾರ್ಟ್‌ನಲ್ಲಿ ಮಾತ್ರ ಎರಡೂ ಒಂದೇ ಥರ ಕಾಣಬಾರದು. ಎಣಿಸಿದ್ದಕ್ಕೆ ಗಟ್ಟಿ ಗೆರೆ, ಅಂದಾಜಿಗೆ ಚುಕ್ಕೆ ಗೆರೆ ಇಡಿ.

ಹೆಜ್ಜೆ 3: ಪಟ್ಟಿಯನ್ನು ಹಸನು ಮಾಡಿ

ಬೇಸರದ ಕೆಲಸ, ಆದರೆ ತಪ್ಪುಗಳು ನುಸುಳುವುದು ಇಲ್ಲೇ.

ಮೊದಲ ತೊಂದರೆ ಸ್ಪ್ರೆಡ್‌ಶೀಟ್ ತೆರೆದ ಕೂಡಲೇ ಬರುತ್ತದೆ. ವಯಸ್ಸಿನ ಕಾಲಂನಲ್ಲಿ "5-9" ಅಂತ ಇದ್ದದ್ದನ್ನು ಎಕ್ಸೆಲ್ ತಾರೀಖು ಅಂದುಕೊಂಡು ಮೇ ತಿಂಗಳದ್ದೋ ಸೆಪ್ಟೆಂಬರ್‌ದ್ದೋ ದಿನಾಂಕ ಮಾಡಿಬಿಡುತ್ತದೆ. "10-14"ಕ್ಕೂ ಅದೇ ಗತಿ. ನೀವು ಗಮನಿಸದೆ ಸೇವ್ ಮಾಡಿದರೆ ಎರಡು ವಯೋಗುಂಪು ಮಾಯ. ಫೈಲ್ ತೆರೆಯುವಾಗಲೇ ಆ ಕಾಲಂ ಅಕ್ಷರ ಅಂತ ಹೇಳಿ, ಇಲ್ಲವೇ ಗುಂಪಿನ ಆರಂಭದ ವಯಸ್ಸನ್ನು ಮಾತ್ರ ಇಟ್ಟುಕೊಳ್ಳಿ: 0, 1, 5, 10, 15, ಹೀಗೆ.

ಎರಡನೆಯದು, ಸತ್ತವರ ಲೆಕ್ಕ ಎಲ್ಲಿಯದು ಅನ್ನುವುದು. ದೊಡ್ಡ ಆಸ್ಪತ್ರೆ ಇರುವ ಪಟ್ಟಣಕ್ಕೆ ಸುತ್ತಲಿನ ರೋಗಿಗಳೆಲ್ಲ ಬರುತ್ತಾರೆ. ಸಾವು ನಡೆದ ಜಾಗದ ಪ್ರಕಾರ ಎಣಿಸಿದರೆ ಆ ಪಟ್ಟಣ ಯಮಪುರಿಯ ಹಾಗೆ ಕಾಣುತ್ತದೆ. ಸತ್ತವರು ವಾಸವಿದ್ದ ಊರಿನ ಪ್ರಕಾರ ಎಣಿಸಿದ ಪಟ್ಟಿ ಬೇಕು. ಜನಸಂಖ್ಯೆಯೂ ಅದೇ ಊರಿನದು, ಅದೇ ವರ್ಷದ ನಡುವಿನದು ಆಗಿರಬೇಕು.

ಮೂರನೆಯದು, ವಯಸ್ಸು ಗೊತ್ತಿಲ್ಲದ ಸಾವುಗಳು. ಇವನ್ನು ಬಿಸಾಕಬೇಡಿ. ವಯಸ್ಸು ಗೊತ್ತಿರುವ ಸಾವುಗಳು ಯಾವ ಪಾಲಿನಲ್ಲಿವೆಯೋ ಅದೇ ಪಾಲಿನಲ್ಲಿ ಇವನ್ನೂ ಹಂಚಿ. 60, 65, 70ರ ಹತ್ತಿರ ಅಂಕಿ ದಿಢೀರನೆ ಏರಿದ್ದರೆ, ಜನ ಹುಟ್ಟಿದ ವರ್ಷ ನೆನಪಿಲ್ಲದೆ ಸುಮ್ನೆ 0 ಅಥವಾ 5ಕ್ಕೆ ಮುಗಿಯುವ ವಯಸ್ಸು ಹೇಳಿದ್ದಾರೆ ಅಂತ ತಿಳಿಯಿರಿ. ಆಗ ಒಂದೊಂದೇ ವರ್ಷದ ಬದಲು ಐದೈದು ವರ್ಷದ ಗುಂಪು ಬಳಸಿ.

ಹೆಜ್ಜೆ 4: ಒಟ್ಟು ಮರಣ ಪ್ರಮಾಣವನ್ನು ನೇರವಾಗಿ ಹೋಲಿಸಬೇಡಿ

ವರ್ಷಕ್ಕೆ ಸಾವಿರ ಜನರಿಗೆ ಎಷ್ಟು ಸಾವು ಅನ್ನುವುದು ಒಟ್ಟು ಮರಣ ಪ್ರಮಾಣ. ಈ ಲೆಕ್ಕದಲ್ಲಿ ಜಪಾನ್ 10ನ್ನೂ ದಾಟುತ್ತದೆ, ಕತಾರ್ 2ಕ್ಕಿಂತ ಕೆಳಗಿದೆ. ಹಾಗಂತ ಜಪಾನ್ ಅಪಾಯದ ದೇಶವೇ? ಅಲ್ಲಿನ ಜೀವಿತಾವಧಿ ಸುಮಾರು 84 ವರ್ಷ, ಜಗತ್ತಿನಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದು. ಜಪಾನಿನಲ್ಲಿ ವಯಸ್ಸಾದವರು ತುಂಬ ಇದ್ದಾರೆ. ಕತಾರ್‌ನಲ್ಲಿ ಕೆಲಸಕ್ಕೆ ಬಂದ ಹರೆಯದವರು ತುಂಬಿದ್ದಾರೆ. ಅಷ್ಟೇ ವಿಷಯ.

ಲೆಕ್ಕ ಮಾಡಿ ನೋಡಿದರೆ ಇದು ಚೆನ್ನಾಗಿ ತಲೆಗೆ ಹತ್ತುತ್ತದೆ. ತಲಾ 1 ಲಕ್ಷ ಜನರ ಎರಡು ಊರು ಕಲ್ಪಿಸಿಕೊಳ್ಳಿ, ಚಾರ್ಟ್‌ನಲ್ಲಿ ಒಂದಕ್ಕೆ ಕಿತ್ತಳೆ ಬಣ್ಣ, ಇನ್ನೊಂದಕ್ಕೆ ನೀಲಿ. ಕಿತ್ತಳೆ ಊರಿನಲ್ಲಿ ಕಿರಿಯರು 90,000, ಅವರಲ್ಲಿ ಸಾವು 90. ಹಿರಿಯರು 10,000, ಸಾವು 500. ನೀಲಿ ಊರಿನಲ್ಲಿ ಕಿರಿಯರು 70,000, ಸಾವು 56. ಹಿರಿಯರು 30,000, ಸಾವು 1,200.

ಒಟ್ಟು ಪ್ರಮಾಣ ಕಿತ್ತಳೆಗೆ ಸಾವಿರಕ್ಕೆ 5.9, ನೀಲಿಗೆ 12.56. ನೀಲಿ ಊರು ಎರಡು ಪಟ್ಟು ಕೆಟ್ಟದ್ದು ಅನ್ನಿಸುತ್ತದೆ. ಈಗ ವಯಸ್ಸಿನ ಪ್ರಕಾರ ಬಿಡಿಸಿ. ಕಿರಿಯರಲ್ಲಿ ಕಿತ್ತಳೆಗೆ ಸಾವಿರಕ್ಕೆ 1, ನೀಲಿಗೆ 0.8. ಹಿರಿಯರಲ್ಲಿ ಕಿತ್ತಳೆಗೆ 50, ನೀಲಿಗೆ 40. ಎರಡೂ ವಯಸ್ಸಿನಲ್ಲಿ ನೀಲಿ ಊರೇ ಮೇಲು!

ಹೋಲಿಕೆ ನ್ಯಾಯವಾಗಿರಬೇಕಾದರೆ ಎರಡಕ್ಕೂ ಒಂದೇ ವಯಸ್ಸಿನ ಹಂಚಿಕೆ ಕೊಡಬೇಕು. ಕಿರಿಯರು 80, ಹಿರಿಯರು 20 ಪಾಲು ಅಂತಿಟ್ಟುಕೊಳ್ಳಿ. ಕಿತ್ತಳೆ: 1 × 0.8 + 50 × 0.2 = 10.8. ನೀಲಿ: 0.8 × 0.8 + 40 × 0.2 = 8.64. ಇದಕ್ಕೆ ವಯಸ್ಸಿನ ಪ್ರಮಾಣೀಕರಣ ಅನ್ನುತ್ತಾರೆ. ದೇಶ ದೇಶಗಳ ಹೋಲಿಕೆಗೆ ವಿಶ್ವ ಆರೋಗ್ಯ ಸಂಸ್ಥೆಯ ಪ್ರಮಾಣಿತ ಜನಸಂಖ್ಯೆಯನ್ನು ಬಳಸುವುದು ರೂಢಿ. ಯಾವುದನ್ನು ಬಳಸಿದಿರಿ ಅನ್ನುವುದನ್ನು ಚಾರ್ಟ್‌ನ ಕೆಳಗೆ ಬರೆಯಿರಿ, ಯಾಕಂದರೆ ಬೇರೆ ಹಂಚಿಕೆ ಹಾಕಿದರೆ ಬೇರೆ ಅಂಕಿ ಬರುತ್ತದೆ. 10.8 ಅನ್ನುವುದು ಹೋಲಿಕೆಗೆ ಮಾತ್ರ. ಆ ಊರಿನಲ್ಲಿ ನಿಜವಾಗಿ ಸತ್ತವರ ಪ್ರಮಾಣ ಅದಲ್ಲ.

ಹೆಜ್ಜೆ 5: ಲೈಫ್ ಟೇಬಲ್ ಅನ್ನು ಒಮ್ಮೆಯಾದರೂ ಕೈಯಾರೆ ಕಟ್ಟಿ

ಜೀವಿತಾವಧಿ ಹುಟ್ಟುವುದು ಲೈಫ್ ಟೇಬಲ್‌ನಿಂದ, ಅಂದರೆ ಪ್ರತಿ ವಯಸ್ಸಿನಲ್ಲಿ ಎಷ್ಟು ಮಂದಿ ಸಾಯುತ್ತಾರೆ, ಎಷ್ಟು ಮಂದಿ ಉಳಿಯುತ್ತಾರೆ ಅನ್ನುವ ಪಟ್ಟಿಯಿಂದ. ಧೂಮಕೇತುವಿನಿಂದ ಹೆಸರಾದ ಎಡ್ಮಂಡ್ ಹ್ಯಾಲಿ 1693ರಲ್ಲೇ ಬ್ರೆಸ್ಲಾವ್ ಪಟ್ಟಣದ ಜನನ ಮರಣ ದಾಖಲೆ ಇಟ್ಟುಕೊಂಡು ಇಂಥದ್ದೊಂದನ್ನು ಕಟ್ಟಿದ್ದ. ಇವತ್ತು ಆರ್, ಪೈಥಾನ್‌ನಂಥ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕ್ಷಣದಲ್ಲಿ ಆಗುತ್ತದೆ. ಆದರೂ ಒಂದು ಸಲ ಸ್ಪ್ರೆಡ್‌ಶೀಟ್‌ನಲ್ಲಿ ಸಾಲು ಸಾಲಾಗಿ ಮಾಡಿ ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಆಮೇಲೆ ನೀವು ಜೀವಿತಾವಧಿಯನ್ನು ತಪ್ಪಾಗಿ ಓದುವುದೇ ಇಲ್ಲ.

60ರಿಂದ 64ರ ಸಾಲು ತೆಗೆದುಕೊಳ್ಳೋಣ. ಈ ವಯಸ್ಸಿನವರು 50,000, ಒಂದು ವರ್ಷದಲ್ಲಿ ಸತ್ತವರು 600 ಅಂತಿರಲಿ.

ಮರಣ ಪ್ರಮಾಣ 600 ÷ 50,000, ಅಂದರೆ 0.012. ಇದು ವರ್ಷದ ಲೆಕ್ಕ. ನಮಗೆ ಬೇಕಿರುವುದು 60ನೇ ಹುಟ್ಟುಹಬ್ಬದ ದಿನ ಇದ್ದವರು 65 ಮುಟ್ಟುವುದರೊಳಗೆ ಸಾಯುವ ಸಂಭವ. ಸಾಯುವವರು ಆ ಐದು ವರ್ಷದಲ್ಲಿ ಸರಾಸರಿ ಎರಡೂವರೆ ವರ್ಷ ಬದುಕಿರುತ್ತಾರೆ ಅಂತ ಹಿಡಿದರೆ, 5 × 0.012 ಅನ್ನು 1 + 2.5 × 0.012 ರಿಂದ ಭಾಗಿಸಬೇಕು. 0.06 ÷ 1.03, ಅಂದರೆ 0.0583ರ ಹತ್ತಿರ.

ಟೇಬಲ್ ಶುರುವಾಗುವುದು 1 ಲಕ್ಷ ಶಿಶುಗಳಿಂದ. ಅವರಲ್ಲಿ 60 ಮುಟ್ಟಿದವರು 85,000 ಅಂತಿಟ್ಟುಕೊಳ್ಳಿ. ಈ ಐದು ವರ್ಷದಲ್ಲಿ ಸುಮಾರು 4,951 ಮಂದಿ ತೀರಿಕೊಳ್ಳುತ್ತಾರೆ, 80,049 ಮಂದಿ 65 ಮುಟ್ಟುತ್ತಾರೆ. ಈ ಸಾಲಿನಲ್ಲಿ ಎಲ್ಲರೂ ಸೇರಿ ಬದುಕಿದ ವರ್ಷ ಎಷ್ಟು? ಉಳಿದವರು ತಲಾ 5, ತೀರಿಕೊಂಡವರು ತಲಾ 2.5. ಒಟ್ಟು ಸುಮಾರು 4,12,620 ವರ್ಷ.

ಹೀಗೆ ಎಲ್ಲ ಸಾಲೂ ತುಂಬಿಸಿ. ಎರಡು ಕಡೆ ಮಾತ್ರ ಎಚ್ಚರ ಬೇಕು. ಶಿಶುಗಳ ಸಾಲಿನಲ್ಲಿ "ಅರ್ಧ ವರ್ಷ ಬದುಕಿರುತ್ತವೆ" ಅಂತ ಹಿಡಿಯಬೇಡಿ. ಶಿಶು ಮರಣ ಹೆಚ್ಚಾಗಿ ಹುಟ್ಟಿದ ಮೊದಲ ದಿನಗಳಲ್ಲೇ ಆಗುವುದರಿಂದ ಅದಕ್ಕಿಂತ ತುಂಬ ಕಡಿಮೆ ಇಡಬೇಕು. ಕೊನೆಯ ಸಾಲು, 85 ಮತ್ತು ಮೇಲೆ ಅನ್ನುವುದಕ್ಕೆ ಕೊನೆ ಇಲ್ಲ. ಅಲ್ಲಿ ಉಳಿದವರ ಸಂಖ್ಯೆಯನ್ನು ಮರಣ ಪ್ರಮಾಣದಿಂದ ಭಾಗಿಸಿದರೆ ಬದುಕಿದ ವರ್ಷ ಸಿಗುತ್ತದೆ.

ಈಗ ಬದುಕಿದ ವರ್ಷಗಳನ್ನೆಲ್ಲ ಕೆಳಗಿನಿಂದ ಮೇಲಕ್ಕೆ ಕೂಡುತ್ತ ಬನ್ನಿ. ಮೇಲಿನ ಮೊತ್ತವನ್ನು 1 ಲಕ್ಷದಿಂದ ಭಾಗಿಸಿದರೆ ಹುಟ್ಟಿದಾಗಿನ ಜೀವಿತಾವಧಿ. 65ರ ಸಾಲಿನ ಮೊತ್ತವನ್ನು 80,049ರಿಂದ ಭಾಗಿಸಿದರೆ 65 ದಾಟಿದವರಿಗೆ ಇನ್ನು ಎಷ್ಟು ವರ್ಷ ಅನ್ನುವುದು ಗೊತ್ತಾಗುತ್ತದೆ. ಒಂದೇ ಟೇಬಲ್, ಪ್ರತಿ ವಯಸ್ಸಿಗೂ ಬೇರೆ ಉತ್ತರ.

ಹೆಜ್ಜೆ 6: ಪ್ರಶ್ನೆಗೆ ತಕ್ಕ ಚಾರ್ಟ್ ಆರಿಸಿ

ಕಾಲಕ್ರಮದಲ್ಲಿ ಜೀವಿತಾವಧಿ ಹೇಗೆ ಬದಲಾಯಿತು ಅನ್ನುವುದಕ್ಕೆ ಸಾದಾ ಗೆರೆ ಸಾಕು. ಇಲ್ಲಿ ಅಕ್ಷ ಸೊನ್ನೆಯಿಂದ ಶುರುವಾಗಬೇಕಿಲ್ಲ, 60ರಿಂದ 90 ಇಟ್ಟರೂ ಸರಿ. ಬಾರ್ ಚಾರ್ಟ್ ಆದರೆ ಮಾತ್ರ ಸೊನ್ನೆಯಿಂದಲೇ ಶುರುವಾಗಬೇಕು, ಯಾಕಂದರೆ ಅಲ್ಲಿ ಕಣ್ಣು ಅಳೆಯುವುದು ಬಾರ್‌ನ ಉದ್ದವನ್ನು. ಹತ್ತು ದೇಶಗಳಿದ್ದರೆ ಹತ್ತು ಬಣ್ಣದ ಗೆರೆಗಳನ್ನು ನೂಲಿನ ಸಿಕ್ಕಿನ ಹಾಗೆ ಒಂದರ ಮೇಲೊಂದು ಹಾಕಬೇಡಿ. ಹತ್ತು ಪುಟ್ಟ ಚೌಕ ಮಾಡಿ, ಎಲ್ಲಕ್ಕೂ ಒಂದೇ ಅಳತೆ ಇಡಿ. ಪ್ರತಿ ಚೌಕದಲ್ಲೂ ಒಂದು ದೇಶ ಗಾಢವಾಗಿರಲಿ, ಉಳಿದವು ಹಿಂದೆ ತೆಳು ಬೂದು ಬಣ್ಣದಲ್ಲಿರಲಿ.

ಯಾವ ವಯಸ್ಸಿನಲ್ಲಿ ಎಷ್ಟು ಅಪಾಯ ಅಂತ ತೋರಿಸಬೇಕಾದರೆ ಅಡ್ಡಕ್ಕೆ ವಯಸ್ಸು, ಉದ್ದಕ್ಕೆ ಮರಣ ಪ್ರಮಾಣ. ಇಲ್ಲಿ ಲಾಗ್ ಅಳತೆ ಬೇಕೇ ಬೇಕು, ಅಂದರೆ 1, 10, 100 ಅಂತ ಪ್ರತಿ ಮೆಟ್ಟಿಲಿಗೂ ಹತ್ತು ಪಟ್ಟಾಗುವ ಅಳತೆ. ಸಾದಾ ಅಳತೆಯಲ್ಲಿ 85 ದಾಟಿದವರ ಪ್ರಮಾಣ ಬೆಟ್ಟದಷ್ಟಾಗಿ, ಮಕ್ಕಳು ಮತ್ತು ಹರೆಯದವರ ಸಾವೆಲ್ಲ ನೆಲಕ್ಕಂಟಿದ ಗೆರೆಯಾಗುತ್ತದೆ. ಲಾಗ್ ಅಳತೆ ಹಾಕಿ ನೋಡಿ. ಹುಟ್ಟಿದಾಗ ಎತ್ತರ, 10ರ ಆಸುಪಾಸು ತಳ, ಹದಿಹರೆಯ ದಾಟುವಾಗ ಅಪಘಾತಗಳದ್ದೊಂದು ಉಬ್ಬು. 30ರ ನಂತರ ಹೆಚ್ಚುಕಡಿಮೆ ನೇರವಾಗಿ ಏರುವ ಗೆರೆ. ಬ್ರಿಟಿಷ್ ಗಣಿತಜ್ಞ ಬೆಂಜಮಿನ್ ಗೊಂಪರ್ಟ್ಜ್ 1825ರಲ್ಲಿ ಹೇಳಿದ್ದು ಇದನ್ನೇ. ಸುಮಾರು ಎಂಟು ವರ್ಷಕ್ಕೊಮ್ಮೆ ಸಾವಿನ ಅಪಾಯ ಎರಡು ಪಟ್ಟಾಗುತ್ತದೆ. 1918ರ ಗೆರೆಯನ್ನು ಹಿಂದಿನ ವರ್ಷದ ಗೆರೆಯ ಮೇಲಿಟ್ಟರೆ 20ರಿಂದ 40ರ ನಡುವೆ ಬೇರೆಯದೇ ಒಂದು ಗುಡ್ಡ ಎದ್ದಿರುತ್ತದೆ. ಆ ಪಿಡುಗು ಗಟ್ಟಿಮುಟ್ಟಾದ ಹರೆಯದವರನ್ನೇ ಹೊತ್ತೊಯ್ದಿತ್ತು. ಜೀವಿತಾವಧಿ ಅಷ್ಟು ಆಳಕ್ಕೆ ಬಿದ್ದಿದ್ದು ಅದಕ್ಕೇ, ಒಬ್ಬೊಬ್ಬರ ಸಾವಿಗೂ ಮುಂದಿನ ಮೂವತ್ತು ನಲವತ್ತು ವರ್ಷ ಕಳೆದುಹೋಗುತ್ತದೆ.

"ಹಿಂದಿನ ಕಾಲದಲ್ಲಿ ಮುದುಕರೇ ಇರಲಿಲ್ಲ" ಅನ್ನುವ ನಂಬಿಕೆ ಮುರಿಯಬೇಕಾದರೆ ಉಳಿವಿನ ಗೆರೆ ಎಳೆಯಿರಿ. 1 ಲಕ್ಷ ಶಿಶುಗಳಲ್ಲಿ ಪ್ರತಿ ವಯಸ್ಸಿಗೆ ಎಷ್ಟು ಮಂದಿ ಉಳಿದರು ಅನ್ನುವುದು ಅದು. ಹದಿನೆಂಟನೇ ಶತಮಾನದ ಸ್ವೀಡನ್‌ನಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಂದು ಶಿಶು ಮೊದಲ ಹುಟ್ಟುಹಬ್ಬ ಕಾಣುತ್ತಿರಲಿಲ್ಲ. ಗೆರೆ ಮೊದಲಲ್ಲೇ ಧುಮುಕುತ್ತದೆ, ಆಮೇಲೆ ನಿಧಾನವಾಗಿ ಇಳಿಯುತ್ತ ಅರವತ್ತು, ಎಪ್ಪತ್ತರವರೆಗೂ ಹೋಗುತ್ತದೆ. ಇಂದಿನ ಗೆರೆ 60ರವರೆಗೆ ಬಹುತೇಕ ಮಟ್ಟಸವಾಗಿದ್ದು ಕೊನೆಯಲ್ಲಿ ಕುಸಿಯುತ್ತದೆ. ಎರಡನ್ನೂ ಒಟ್ಟಿಗಿಟ್ಟರೆ ಎರಡೂವರೆ ಶತಮಾನದ ಕಥೆ ಒಂದೇ ನೋಟಕ್ಕೆ ಸಿಗುತ್ತದೆ. ನನಗೆ ತುಂಬ ಇಷ್ಟವಾದ ಚಾರ್ಟ್ ಇದು.

ವರ್ಷ, ವಯಸ್ಸು ಎರಡೂ ಒಟ್ಟಿಗೆ ಬೇಕಾದರೆ ಲೆಕ್ಸಿಸ್ ಚಿತ್ರ. ಅಡ್ಡಕ್ಕೆ ವರ್ಷ, ಉದ್ದಕ್ಕೆ ವಯಸ್ಸು, ಪ್ರತಿ ಚೌಕಕ್ಕೆ ಮರಣ ಪ್ರಮಾಣದ ಬಣ್ಣ. ಯುದ್ಧ, ಪಿಡುಗು ಬಂದ ವರ್ಷಗಳು ನೆಟ್ಟಗಿನ ಪಟ್ಟಿಯಾಗಿ ಕಾಣುತ್ತವೆ. ಒಂದೇ ಕಾಲದಲ್ಲಿ ಹುಟ್ಟಿದವರು ಜೀವನವಿಡೀ ಹೊತ್ತ ಅಪಾಯ, ಉದಾಹರಣೆಗೆ ಸಿಗರೇಟನ್ನು ಜಾಸ್ತಿ ಸೇದಿದ ತಲೆಮಾರಿನದು, ಓರೆಯಾಗಿ ಮೇಲೇರುತ್ತದೆ. ಒಂದು ವರ್ಷಕ್ಕೂ ಒಂದು ವಯಸ್ಸಿಗೂ ಸಮ ಉದ್ದ ಇಡಿ. ಇಲ್ಲದಿದ್ದರೆ ಆ ಓರೆ ಸರಿಯಾಗಿ ಕಾಣುವುದಿಲ್ಲ.

ಫ್ಲಾರೆನ್ಸ್ ನೈಟಿಂಗೇಲ್ 1858ರಲ್ಲಿ ಮಾಡಿದ ದಳದಳದ ವೃತ್ತಚಿತ್ರ ನೀವು ನೋಡಿರಬಹುದು. ಕ್ರಿಮಿಯನ್ ಯುದ್ಧದಲ್ಲಿ ಸೈನಿಕರನ್ನು ಗಾಯಕ್ಕಿಂತ ಹೆಚ್ಚಾಗಿ ಕೊಂದದ್ದು ತಡೆಯಬಹುದಾದ ರೋಗಗಳು ಅಂತ ಅದು ತೋರಿಸಿತು. ಆ ಕಳಕಳಿಗೆ ಕೈ ಮುಗಿಯುತ್ತೇನೆ. ಆದರೆ ಆ ಆಕಾರವನ್ನು ಇಂದು ನಕಲು ಮಾಡಬೇಡಿ. ದಳಗಳ ವಿಸ್ತೀರ್ಣ ಹೋಲಿಸುವುದು ಕಣ್ಣಿಗೆ ಕಷ್ಟ. ತಿಂಗಳುವಾರು ಗೆರೆಯಲ್ಲಿ ಅದೇ ಮಾತು ಇನ್ನೂ ಸ್ಪಷ್ಟವಾಗುತ್ತದೆ.

ನಕ್ಷೆಯ ಬಗ್ಗೆ ಒಂದೇ ಮಾತು: ಜನ ಕಡಿಮೆ ಇರುವ ದೊಡ್ಡ ಪ್ರದೇಶಗಳೇ ಕಣ್ಣು ಸೆಳೆಯುತ್ತವೆ, ಲಕ್ಷಾಂತರ ಜನರಿರುವ ನಗರ ಚುಕ್ಕೆಯಾಗುತ್ತದೆ. ಊರು ಎಲ್ಲಿದೆ ಅನ್ನುವುದು ನಿಮ್ಮ ಪ್ರಶ್ನೆಗೆ ಮುಖ್ಯವಲ್ಲದಿದ್ದರೆ ನಕ್ಷೆ ಬೇಡ.

ಹೆಜ್ಜೆ 7: ಗೊತ್ತಿಲ್ಲದ್ದನ್ನೂ ತೋರಿಸಿ

ಚಿಕ್ಕ ಊರಿನಲ್ಲಿ ವರ್ಷಕ್ಕೆ 25 ಸಾವಾದರೆ, ಏನೂ ಬದಲಾಗದಿದ್ದರೂ ಮುಂದಿನ ವರ್ಷ ಅದು 15 ಅಥವಾ 35 ಆಗಬಹುದು. ಸಾವಿನ ಸಂಖ್ಯೆಯ ವರ್ಗಮೂಲವನ್ನು ಎರಡರಿಂದ ಗುಣಿಸಿದರೆ ಈ ಅಲುಗಾಟದ ಅಂದಾಜು ಸಿಗುತ್ತದೆ. 100ಕ್ಕೆ 20, 10,000ಕ್ಕೆ 200. ದೊಡ್ಡ ಸಂಖ್ಯೆಗಳಲ್ಲಿ ಇದು ಶೇಕಡಾ 2 ಮಾತ್ರ, 25ರಲ್ಲಿ ಶೇಕಡಾ 40. ಹಾಗಾಗಿ ಚಿಕ್ಕ ಊರುಗಳಿಗೆ ಮೂರು ಅಥವಾ ಐದು ವರ್ಷ ಕೂಡಿಸಿ ಲೆಕ್ಕ ಮಾಡಿ, ಗೆರೆಯ ಸುತ್ತ ತೆಳು ಪಟ್ಟಿಯಲ್ಲಿ ಈ ಅಂತರ ತೋರಿಸಿ. 2020 ಮತ್ತು 2021ರಲ್ಲಿ ಜಗತ್ತಿನಲ್ಲಿ ಆದ ಹೆಚ್ಚುವರಿ ಸಾವುಗಳು (ಮಾಮೂಲಿಯಾಗಿ ಆಗಬೇಕಿದ್ದದ್ದಕ್ಕಿಂತ ಹೆಚ್ಚಾಗಿ ಆದ ಸಾವುಗಳು) ಸುಮಾರು 1.49 ಕೋಟಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದಾಗ, ಜೊತೆಗೇ 1.33 ಕೋಟಿಯಿಂದ 1.66 ಕೋಟಿ ಅನ್ನುವ ಅಂತರವನ್ನೂ ಕೊಟ್ಟಿತ್ತು.

ಹೆಚ್ಚುವರಿ ಸಾವು ಲೆಕ್ಕ ಹಾಕುವಾಗ ಹಿಂದಿನ ಐದು ವರ್ಷದ ಸರಾಸರಿಯನ್ನು ಕಣ್ಣುಮುಚ್ಚಿ ಬಳಸಬೇಡಿ. 2015ರಿಂದ 2019ರ ಸರಾಸರಿ ಅಂದರೆ ಅದು 2017ರ ಅಂಕಿ. ಜನರಿಗೆ ವಯಸ್ಸಾಗುತ್ತಿರುವ ದೇಶದಲ್ಲಿ ಸಾವು ತಾನಾಗೇ ವರ್ಷ ವರ್ಷ ಏರುತ್ತಿರುತ್ತದೆ. ಆ ಏರಿಕೆಯನ್ನು ಮುಂದಕ್ಕೆ ಎಳೆದು, ಆ ಗೆರೆಗೆ ಹೋಲಿಸಿ.

ಇನ್ನೊಂದು ತಪ್ಪು ನಾನೇ ಮಾಡಿದ್ದು. ವಾರವಾರದ ಸಾವಿನ ಚಾರ್ಟ್ ಮಾಡಿ ಕೆಲವರಿಗೆ ಕಳಿಸಿದ್ದೆ. ಕೊನೆಯ ಮೂರು ವಾರ ಗೆರೆ ಸರ್ರನೆ ಇಳಿದಿತ್ತು. "ಅಬ್ಬಾ, ಕಡಿಮೆಯಾಯ್ತು" ಅಂತ ಎಲ್ಲರೂ ನಿಟ್ಟುಸಿರು ಬಿಟ್ಟರು. ನಿಜಕ್ಕೂ ಏನೂ ಕಡಿಮೆಯಾಗಿರಲಿಲ್ಲ. ಆ ವಾರಗಳ ಸಾವುಗಳು ಇನ್ನೂ ನೋಂದಣಿಯಾಗಿರಲಿಲ್ಲ. ತಿಂಗಳು ಬಿಟ್ಟು ಅದೇ ಚಾರ್ಟ್ ಮತ್ತೆ ಮಾಡಿದಾಗ ಇಳಿಜಾರು ಇರಲೇ ಇಲ್ಲ. ಆ ನಿಟ್ಟುಸಿರು ನೆನಪಾದಾಗ ಈಗಲೂ ಸಂಕಟವಾಗುತ್ತದೆ. ಕೊನೆಯ ವಾರಗಳ ಹಿಂದೆ ಬೂದು ಪಟ್ಟಿ ಹಾಕಿ, "ಲೆಕ್ಕ ಇನ್ನೂ ಬರುತ್ತಿದೆ" ಅಂತ ಅದರ ಮೇಲೇ ಬರೆಯಿರಿ.

ಸಾವಿನ ಕಾರಣದ ಗೆರೆ ಒಂದು ವರ್ಷ ದಿಢೀರನೆ ಜಿಗಿದಿದ್ದರೂ ಅನುಮಾನಿಸಿ. ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ ಹೊಸ ಆವೃತ್ತಿಗೆ ದೇಶ ಬದಲಾದ ವರ್ಷ ಅದಾಗಿರಬಹುದು. ಅಲ್ಲಿ ಗೆರೆಯನ್ನು ಮುರಿದು ತೋರಿಸಿ, ಸೇರಿಸಬೇಡಿ.

ಹೆಜ್ಜೆ 8: ಬಣ್ಣ ಮತ್ತು ಮಾತು

ಕೆಂಪು ಹಸಿರು ಜೋಡಿ ಬೇಡ, ಅದು ಬೇರೆ ಬೇರೆಯಾಗಿ ಕಾಣದವರು ಸಾಕಷ್ಟಿದ್ದಾರೆ. ಗೆರೆಯ ಹೆಸರನ್ನು ಗೆರೆಯ ತುದಿಯಲ್ಲೇ ಬರೆಯಿರಿ. ಶೀರ್ಷಿಕೆಯಲ್ಲಿ "ಜೀವಿತಾವಧಿ, 1950-2020" ಅಂತ ಬರೆದು ಬಿಡುವ ಬದಲು ಚಾರ್ಟ್ ಏನು ಹೇಳುತ್ತಿದೆ ಅನ್ನುವುದನ್ನೇ ಬರೆಯಿರಿ. ಅದರ ಕೆಳಗೆ ಒಂದು ಸಾಲು: "ಆ ವರ್ಷದ ಮರಣ ಪ್ರಮಾಣ ಜೀವನವಿಡೀ ಹಾಗೇ ಇದ್ದರೆ, ಹುಟ್ಟಿದ ಮಗು ಸರಾಸರಿ ಎಷ್ಟು ವರ್ಷ ಬದುಕೀತು."

ಹೆಜ್ಜೆ 9: ಈ ಕೆಲಸದವರಲ್ಲದ ಒಬ್ಬರಿಗೆ ತೋರಿಸಿ

ಏನನ್ನೂ ವಿವರಿಸದೆ ಕೈಗೆ ಕೊಡಿ. "ಇದರಲ್ಲಿ ಏನು ಕಾಣುತ್ತೆ?" ಅಂತ ಮಾತ್ರ ಕೇಳಿ, ಸುಮ್ಮನಿರಿ.

ಒಮ್ಮೆ ಪರಿಚಯದ ಹಿರಿಯರೊಬ್ಬರಿಗೆ ಹೀಗೆ ತೋರಿಸಿದೆ. ಅವರಿಗೆ 68 ವರ್ಷ. ಚಾರ್ಟ್‌ನ ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ 71 ಅಂತಿತ್ತು. ಸ್ವಲ್ಪ ಹೊತ್ತು ನೋಡಿ, "ಹಾಗಾದ್ರೆ ನಂಗೆ ಇನ್ನು ಮೂರೇ ವರ್ಷ ಅಲ್ವೇನಮ್ಮಾ?" ಅಂದರು. ನಗುತ್ತಲೇ ಕೇಳಿದರು, ಆದರೆ ಕಣ್ಣು ಚಾರ್ಟ್‌ನಿಂದ ಏಳಲಿಲ್ಲ.

ಆ 71ರಲ್ಲಿ ತೊಟ್ಟಿಲಲ್ಲೇ ತೀರಿಕೊಂಡ ಶಿಶುಗಳಿದ್ದರು, ರಸ್ತೆಯಲ್ಲಿ ಸತ್ತ ಹರೆಯದವರಿದ್ದರು. ಈ ಹಿರಿಯರು ಆ ಅಪಾಯಗಳನ್ನೆಲ್ಲ ಎಂದೋ ದಾಟಿ ಬಂದಿದ್ದರು. ಜಗತ್ತಿನ ಸರಾಸರಿ ನೋಡಿದರೂ 65 ಮುಟ್ಟಿದವರ ಮುಂದೆ ಇನ್ನೂ ಸುಮಾರು 17 ವರ್ಷ ಇರುತ್ತದೆ. ನಾನು ಲೈಫ್ ಟೇಬಲ್ ತೆರೆದು ಅವರ ವಯಸ್ಸಿನ ಸಾಲನ್ನು ಬೆರಳಿಟ್ಟು ತೋರಿಸಿದೆ. ಆ ದಿನದಿಂದ ಹುಟ್ಟಿದಾಗಿನ ಜೀವಿತಾವಧಿಯ ಗೆರೆಯ ಪಕ್ಕದಲ್ಲೇ ಇನ್ನೊಂದು ಪುಟ್ಟ ಚೌಕ ಇಡುತ್ತೇನೆ. ಅದರ ಮೇಲೆ ಹೀಗೆ ಬರೆದಿರುತ್ತದೆ: "65 ಮುಟ್ಟಿದವರಿಗೆ ಇನ್ನೆಷ್ಟು ವರ್ಷ."